ಅಪ್ಪನ ಲೆಕ್ಕ ತಪ್ಪಿದ್ದು ಎಲ್ಲಿ?

ನಮ್ಮಪ್ಪನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಗೊಬ್ಬರದ ಅಂಗಡಿ ಸಾಲ, ಡೈರಿಗೆ ಹಾಕಿದ ಹಾಲು, ಕಬ್ಬು ಕಡಿದವರ ಕೂಲಿ, ಯಾರದೋ ಮದುವೆಗೆ ಹಾಕಿದ ಮುಯ್ಯಿ, ಎಲ್ಲ ಅದರಲ್ಲೇ. ಅಪ್ಪ ಓದಿದ್ದು ಏಳನೇ ಕ್ಲಾಸ್. ಆದರೆ ಲೆಕ್ಕ ಅಂದರೆ ಲೆಕ್ಕ. ನಾನು ಬಿ.ಇ. ಓದುವಾಗ ಹಾಸ್ಟೆಲ್ ಖರ್ಚಿನಲ್ಲಿ ಹನ್ನೆರಡು ರೂಪಾಯಿ ಎಲ್ಲಿ ಹೋಯಿತು ಅಂತ ಕೇಳಿ, ನಾನು ಹೇಳಲಾರದೆ ತಡಬಡಾಯಿಸಿದ್ದು ಇನ್ನೂ ನೆನಪಿದೆ.

2022ರ ಯುಗಾದಿಗೆ ಮಂಡ್ಯದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹಬ್ಬದ ಹಿಂದಿನ ರಾತ್ರಿ ಅವ್ವ ಹೂರಣ ರುಬ್ಬುತ್ತಾ ಮೆತ್ತಗೆ ಹೇಳಿದಳು: "ನಿಮ್ಮಪ್ಪಂಗೆ ಯಾಕೋ ಲೆಕ್ಕ ಹತ್ತಾ ಇಲ್ಲ ಕಣ್ ಮಗ. ಅಕ್ಕಪಕ್ಕದೋರ ಬಿಲ್ ಕಟ್ಟೋದ್ನೂ ಬುಟ್ಬುಟ್ಟವ್ರೆ."

ವಿಷಯ ಏನಪ್ಪಾ ಅಂದರೆ, 2020ರ ಲಾಕ್‌ಡೌನಿನಲ್ಲಿ ನನ್ನ ಹಳೇ ಫೋನನ್ನು ಅಪ್ಪನಿಗೆ ಕೊಟ್ಟಿದ್ದೆ. ಕರೆಂಟ್ ಬಿಲ್ಲು, ರೀಚಾರ್ಜು ಎಲ್ಲ ಒಂದು ಆಪಿನಲ್ಲಿ ಕಟ್ಟೋದನ್ನ ಕಲಿಸಿದ್ದೆ. ಕಲಿತ ಮೇಲೆ ಅಪ್ಪ ನಮ್ಮ ಬೀದಿಯ ಹತ್ತು ಹನ್ನೆರಡು ಮನೆಗೆ ತಾನೇ ಬಿಲ್ ಕಲೆಕ್ಟರ್ ಆಗಿಬಿಟ್ಟಿದ್ದ. ಅವರು ಚೀಟಿ ಮತ್ತು ನಗದು ತಂದುಕೊಡೋದು, ಇವನು ಫೋನಿನಲ್ಲಿ ಕಟ್ಟಿ ನೋಟ್‌ಬುಕ್ಕಿನಲ್ಲಿ ಬರೆಯೋದು. ಒಂದು ಪೈಸೆ ಇಟ್ಟುಕೊಳ್ಳುತ್ತಿರಲಿಲ್ಲ. ಅದೊಂದು ಗೌರವದ ಕೆಲಸ ಅವನಿಗೆ.

ಆದರೆ ಈಚೆಗೆ ತಿಂಗಳ ಕೊನೆಗೆ ಬ್ಯಾಂಕಿನ ಬಾಕಿಗೂ ನೋಟ್‌ಬುಕ್ಕಿಗೂ ತಾಳೆಯಾಗುತ್ತಿರಲಿಲ್ಲವಂತೆ. ಒಂದು ತಿಂಗಳು 70 ರೂಪಾಯಿ, ಇನ್ನೊಂದು ತಿಂಗಳು 84. ಯಾರದೋ ದುಡ್ಡು ಈಸ್ಕೊಳ್ಳೋಕೆ ಮರೆತಿದ್ದೀನಿ ಅಂತ ಅವನ ಅನುಮಾನ. ಅದೇ ಅನುಮಾನದಲ್ಲಿ ಪಕ್ಕದ ಮನೆ ದೊಡ್ಡವ್ವನ ಹತ್ತಿರ, "ಹೋದ್ ತಿಂಗ್ಳು ಪೂರ್ತಿ ಕೊಟ್ಟಿದ್ಯಾ?" ಅಂತ ಕೇಳಿದ್ದಾನೆ. ದೊಡ್ಡವ್ವನಿಗೆ ಬೇಜಾರಾಗಿದೆ. ಆಮೇಲೆ ಅಪ್ಪನೇ ಎಲ್ಲರಿಗೂ ಹೇಳಿಬಿಟ್ಟ: "ವಯಸ್ಸಾಯ್ತು ಕಣ್ರಪ್ಪ, ನಂಗೆ ತಲೆ ನಿಲ್ತಾ ಇಲ್ಲ. ನೀವೇ ಪ್ಯಾಟೆಗೋಗಿ ಕಟ್ಕಬುಡಿ."

ಆಗ ಅಪ್ಪನಿಗೆ ಅರವತ್ತಮೂರು.

ಮಾರನೇ ದಿನ ಒಬ್ಬಟ್ಟು ಉಂಡು ಜಗುಲಿ ಮೇಲೆ ಕೂತು ಫೋನ್ ಈಸ್ಕೊಂಡೆ. ಎರಡೇ ನಿಮಿಷ. ಪ್ರತಿ ಬಿಲ್ಲಿನಲ್ಲೂ ಏಳು ರೂಪಾಯಿ ಜಾಸ್ತಿ ಹೋಗಿತ್ತು. ಪಾವತಿ ಮಾಡೋ ಪುಟದ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಅದೇನೋ ಸುರಕ್ಷಾ ಯೋಜನೆ. ಅದರ ಪಕ್ಕ ಒಂದು ಪುಟ್ಟ ಚೌಕ. ಆ ಚೌಕದೊಳಗೆ ಮೊದಲೇ ಟಿಕ್ ಬಿದ್ದಿತ್ತು. ಬೇಡ ಅನ್ನೋರು ತಾವೇ ಹುಡುಕಿ ತೆಗೆಯಬೇಕು.

"ಅಪ್ಪಾ, ನಿನ್ ಲೆಕ್ಕ ಸರಿಯಾಗೇ ಇದೆ. ಇವ್ರು ಏಳೇಳ್ ರೂಪಾಯಿ ಹಿಡ್ಕೊಂಡವ್ರೆ" ಅಂದೆ.

ಅಪ್ಪ ಕನ್ನಡಕ ಹಾಕ್ಕೊಂಡು ಆ ಚೌಕವನ್ನು ತುಂಬಾ ಹೊತ್ತು ನೋಡಿದ. "ನಾನು ಇದ್ನ ಒತ್ತೇ ಇಲ್ಲ ಕಣ್ಲಾ."

"ನೀನು ಒತ್ಬೇಕಾಗಿಲ್ಲ. ಅವ್ರೇ ಒತ್ತಿ ಇಟ್ಟಿರ್ತಾರೆ."

"ಇಂಥಾ ಕೆಲ್ಸ ಯಾವನ್ಲಾ ಮಾಡೋನು?"

ನಾನು "ಕಂಪನಿಯೋರು ಕಣಪ್ಪ" ಅಂದು ಸುಮ್ಮನಾದೆ.

ಆ ಆಪು ನಮ್ಮ ಕಂಪನಿಯದ್ದಲ್ಲ. ಆದರೆ ಅದಕ್ಕಿಂತ ಒಂದು ವರ್ಷ ಹಿಂದೆ ನಮ್ಮ ಕಂಪನಿಯ ಪಾವತಿ ಪುಟದಲ್ಲಿ ಅಂಥದ್ದೇ ಚೌಕಕ್ಕೆ ಟಿಕ್ ಹಾಕಿದವನು ನಾನೇ. ಮ್ಯಾನೇಜರ್ ಹೇಳಿ ಮಾಡಿಸಿದ್ದಲ್ಲ, ಐಡಿಯಾ ಕೂಡ ನನ್ನದೇ.

ಅದು ಹೇಗಾಯ್ತು ಅಂತ ಹೇಳಬೇಕು. ಆ ವರ್ಷ ನನಗೆ ಬಿಹೇವಿಯರಲ್ ಸೈನ್ಸ್ ಹುಚ್ಚು ಹಿಡಿದಿತ್ತು. ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ಬರೆದ 'ನಡ್ಜ್' ಪುಸ್ತಕ ಓದಿ ಮುಗಿಸಿದ್ದೆ. ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದೆ. ಅವರು ಹೇಳೋದರ ತಿರುಳು ಸರಳ: ಮನುಷ್ಯ ಪ್ರತಿಯೊಂದನ್ನೂ ಅಳೆದು ತೂಗಿ ತೀರ್ಮಾನ ಮಾಡೋದಿಲ್ಲ. ಎದುರಿಗೆ ಏನಿದೆ, ಯಾವುದು ಸುಲಭ, ಸುಮ್ಮನಿದ್ದರೆ ಏನಾಗುತ್ತೆ, ಅದರ ಪ್ರಕಾರ ನಡೆದುಕೊಂಡು ಹೋಗುತ್ತಾನೆ. ಹಾಗಾಗಿ ಬುದ್ಧಿವಾದ ಹೇಳೋ ಬದಲು ಎದುರಿಗಿರೋದನ್ನು ಸ್ವಲ್ಪ ಬದಲಾಯಿಸಿ ನೋಡಿ.

ನಾನು ನೋಡಿದೆ, ನಿಜಕ್ಕೂ ಕೆಲಸ ಮಾಡಿತು. ಆಫೀಸಿನ ಕ್ಯಾಲೆಂಡರಿನಲ್ಲಿ ಮೀಟಿಂಗ್ ಅಂದರೆ ತಾನಾಗೇ 60 ನಿಮಿಷ ಬರುತ್ತಿತ್ತು. ಅದನ್ನು 25 ಅಂತ ಸೆಟ್ ಮಾಡಿದೆ. ಯಾರಿಗೂ ಒಂದು ಮಾತು ಹೇಳಿರಲಿಲ್ಲ, ಅರ್ಧದಷ್ಟು ಮೀಟಿಂಗ್‌ಗಳು 25 ನಿಮಿಷಕ್ಕೇ ಮುಗಿಯೋಕೆ ಶುರುವಾದವು. ಮನೆಯಲ್ಲಿ ಫೋನ್ ಚಾರ್ಜರನ್ನು ಬೆಡ್‌ರೂಮಿನಿಂದ ಹಾಲಿಗೆ ತಂದೆ, ರಾತ್ರಿ ಹನ್ನೆರಡರ ತನಕ ರೀಲ್ಸ್ ನೋಡೋದು ನಿಂತಿತು. ಎಸ್‌ಐಪಿ ಕಡಿತವನ್ನು ತಿಂಗಳ ಕೊನೆಯಿಂದ ಸಂಬಳ ಬಿದ್ದ ಮಾರನೇ ದಿನಕ್ಕೆ ಬದಲಾಯಿಸಿದೆ. ಉಳಿದರೆ ಉಳಿತಾಯ ಅನ್ನೋದು ಹೋಗಿ, ಉಳಿತಾಯ ಆದಮೇಲೆ ಖರ್ಚು ಅಂತಾಯಿತು.

ಈ ಎಸ್‌ಐಪಿ ಉಪಾಯಕ್ಕೆ ಅಮೆರಿಕದಲ್ಲಿ ಒಂದು ದೊಡ್ಡಣ್ಣ ಇದೆ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಒಂದು ಕಂಪನಿಯ ನೌಕರರಿಗೆ, "ಈಗ ಉಳಿಸಬೇಡಿ, ಮುಂದೆ ಸಂಬಳ ಹೆಚ್ಚಾದಾಗ ಅದರಲ್ಲಿ ಒಂದು ಪಾಲು ನಿವೃತ್ತಿ ಖಾತೆಗೆ ಹೋಗಲಿ ಅಂತ ಈಗಲೇ ಒಪ್ಪಿಕೊಳ್ಳಿ" ಅಂದರು. ಒಪ್ಪಿಕೊಂಡವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. 2004ರಲ್ಲಿ ಪ್ರಕಟವಾದ ಲೆಕ್ಕ ಇದು. ಓದಿದಾಗ ನನಗೆ ಅವ್ವನ ಚೀಟಿ ನೆನಪಾಯಿತು. ವಾರವಾರ ಹನ್ನೆರಡು ಹೆಂಗಸರ ಎದುರಿಗೆ ದುಡ್ಡು ಇಡಬೇಕು. ಇಡದಿದ್ದರೆ ಮರ್ಯಾದೆ ಪ್ರಶ್ನೆ. ಮನೆಯ ಸಾಸಿವೆ ಡಬ್ಬದಲ್ಲಿ ಒಂದು ವಾರವೂ ನಿಲ್ಲದ ದುಡ್ಡು ಚೀಟಿಯಲ್ಲಿ ವರ್ಷವಿಡೀ ನಿಲ್ಲುತ್ತಿತ್ತು. ನನ್ನ ಪಿಯುಸಿ ಫೀಸ್ ಕಟ್ಟಿದ್ದು ಆ ಚೀಟಿಯಿಂದಲೇ.

ಸರಿ, ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡಿದ್ದಾಗ ಆಫೀಸಿನಲ್ಲಿ ಒಂದು ಪ್ರಶ್ನೆ ಬಂತು. ಗಿರಾಕಿಗಳು ಪಾವತಿ ಮಾಡುವಾಗ ಜೊತೆಗೆ ಒಂದು ಸಣ್ಣ ಪ್ಲಾನ್ ಕೊಳ್ಳೋ ಹಾಗೆ ಮಾಡೋದು ಹೇಗೆ? ನಾನು ಉತ್ಸಾಹದಲ್ಲಿ ಎದ್ದುನಿಂತು ಸ್ಲೈಡ್ ತೋರಿಸಿದೆ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಪ್ರಕಟಿಸಿದ ಅಂಗಾಂಗ ದಾನದ ಅಧ್ಯಯನ ಅದು. ಜರ್ಮನಿಯಲ್ಲಿ ಕೊಡ್ತೀನಿ ಅನ್ನೋರು ಮುಂದೆ ಬಂದು ಹೆಸರು ಕೊಡಬೇಕಿತ್ತು, ಒಪ್ಪಿಗೆ ಇದ್ದದ್ದು ಶೇ. 12. ಪಕ್ಕದ ಆಸ್ಟ್ರಿಯಾದಲ್ಲಿ ಬೇಡ ಅನ್ನೋರು ಮುಂದೆ ಬಂದು ಹೇಳಬೇಕಿತ್ತು, ಅಲ್ಲಿ ಶೇ. 99.98. ಎರಡೂ ದೇಶದ ಮಾತು ಜರ್ಮನ್, ಅಕ್ಕಪಕ್ಕದ ಜನ. ವ್ಯತ್ಯಾಸ ಇದ್ದದ್ದು ಸುಮ್ಮನಿದ್ದರೆ ಏನಾಗುತ್ತೆ ಅನ್ನೋದರಲ್ಲಿ.

"ಹಾಗಾದ್ರೆ ನಾವೂ ಟಿಕ್ ಹಾಕಿಟ್ಟುಬಿಡೋಣ" ಅಂದೆ. ಕೋಡಿನಲ್ಲಿ ಒಂದೇ ಪದದ ಬದಲಾವಣೆ. ಅರ್ಧ ಗಿರಾಕಿಗಳಿಗೆ ಖಾಲಿ ಚೌಕ, ಇನ್ನರ್ಧಕ್ಕೆ ಟಿಕ್ ಇದ್ದ ಚೌಕ ತೋರಿಸಿ ಹೋಲಿಸಿ ನೋಡಿದೆವು. ಖಾಲಿ ಬಿಟ್ಟ ಕಡೆ ನೂರಕ್ಕೆ ನಾಲ್ಕು ಜನ ಪ್ಲಾನ್ ತಗೊಂಡರು. ಟಿಕ್ ಹಾಕಿದ ಕಡೆ ಅರ್ಧಕ್ಕಿಂತ ಹೆಚ್ಚು. ಆ ವರ್ಷದ ಅಪ್ರೈಸಲಿನಲ್ಲಿ ಇದಕ್ಕೇ ಒಂದು ಸಾಲು ಹೊಗಳಿಕೆ ಬಂತು. ಟೀಮಿಗೆ ಕೇಕ್ ಕೂಡ ತರಿಸಿದ್ದರು.

ಜಗುಲಿ ಮೇಲೆ ಕೂತಾಗ ನನಗೆ ನೆನಪಾಗಿದ್ದು ಆ ಕೇಕು.

ಆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಪ್ಲಾನ್ ಬೇಕಿತ್ತಾ? ಬೇಕಿದ್ದವರು ನೂರಕ್ಕೆ ನಾಲ್ಕೇ ಜನ ಅಂತ ನಮ್ಮದೇ ಪರೀಕ್ಷೆ ಹೇಳಿತ್ತು. ಮಿಕ್ಕವರು ನೋಡಿಲ್ಲ, ಇಲ್ಲವೇ ನೋಡಿದರೂ ಅರ್ಥವಾಗಿಲ್ಲ. ಉತ್ತರ ಅಂಕಿಯಲ್ಲೇ ಇತ್ತು, ನಾವು ಅದನ್ನು ಯಶಸ್ಸು ಅಂತ ಓದಿಕೊಂಡಿದ್ದೆವು.

ಆಸ್ಟ್ರಿಯಾದ ಟಿಕ್ಕಿಗೂ ನನ್ನ ಟಿಕ್ಕಿಗೂ ಏನು ವ್ಯತ್ಯಾಸ ಅಂತ ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಉಪಾಯ ಒಂದೇ. ಆದರೆ ಆಸ್ಟ್ರಿಯಾದ್ದು ಬಹಿರಂಗವಾದ ಕಾನೂನು, ಯಾರು ಬೇಕಾದರೂ ಓದಬಹುದು, ವಿರೋಧಿಸಬಹುದು. ನನ್ನದು ನಡೆಯುತ್ತಿದ್ದದ್ದೇ ಜನ ಗಮನಿಸದೆ ಇರೋದರಿಂದ. ಅದನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, "ನಿಮ್ಮಿಂದ ಏಳು ರೂಪಾಯಿ ಹೆಚ್ಚು ತಗೋತಾ ಇದ್ದೀವಿ, ಬೇಡ ಅಂದರೆ ಇಲ್ಲಿ ಒತ್ತಿ" ಅಂತ ಬರೆದಿದ್ದರೆ ಮಾರನೇ ದಿನವೇ ನೂರಕ್ಕೆ ನಾಲ್ಕಕ್ಕೆ ಇಳಿಯುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಹೋದ ದುಡ್ಡಲ್ಲ. ಅಪ್ಪ ತಪ್ಪು ತನ್ನದೇ ಅಂದುಕೊಂಡಿದ್ದು.

ಇದಕ್ಕೆ ಹತ್ತಿರದ ಒಂದು ಅಧ್ಯಯನ ಇದೆ, ಅದೂ ಕಬ್ಬು ಬೆಳೆಯೋರ ಮೇಲೆ. ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತಿತರರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಒಂದು ಸಲ, ಕಟಾವಾಗಿ ದುಡ್ಡು ಬಂದ ಮೇಲೆ ಇನ್ನೊಂದು ಸಲ ಬುದ್ಧಿಗೆ ಕಸರತ್ತು ಕೊಡುವ ಪರೀಕ್ಷೆ ಕೊಟ್ಟರು. ಅದೇ ರೈತ, ಅದೇ ತಲೆ. ಕೈ ಖಾಲಿ ಇದ್ದಾಗ ಅಂಕ ಕಡಿಮೆ, ದುಡ್ಡು ಬಂದ ಮೇಲೆ ಹೆಚ್ಚು. 2013ರಲ್ಲಿ ಅದು ಪ್ರಕಟವಾಯಿತು. ಸಾಲ, ಬಡ್ಡಿ, ಫೀಸು ಅಂತ ತಲೆ ಸದಾ ಗುಣಾಕಾರ ಮಾಡುತ್ತಿದ್ದರೆ ಬೇರೆ ವಿಚಾರಕ್ಕೆ ಜಾಗ ಉಳಿಯೋದಿಲ್ಲ ಅನ್ನೋದು ಅವರ ವಾದ.

ಆ ಯುಗಾದಿಯಲ್ಲಿ ನಮ್ಮ ಕಬ್ಬು ಕಾರ್ಖಾನೆಗೆ ಹೋಗಿ ಎರಡು ತಿಂಗಳಾಗಿತ್ತು, ಬಿಲ್ ಬಂದಿರಲಿಲ್ಲ. ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೇಳುತ್ತದೆ, ಅಷ್ಟೇ. ಅಪ್ಪ ಸೊಸೈಟಿ ಸಾಲದ ಕಂತಿನ ತಾರೀಕು ಎಣಿಸುತ್ತಾ, ಬಿಲ್ ಬರುತ್ತಾ ಅಂತ ದಿನಾ ಬ್ಯಾಂಕಿನ ಮೆಸೇಜ್ ನೋಡುತ್ತಾ ಕೂತಿದ್ದ. ಅಂಥಾ ಹೊತ್ತಿನಲ್ಲಿ ಬೂದು ಬಣ್ಣದ ಸಣ್ಣಕ್ಷರ ಅವನ ಕಣ್ಣಿಗೆ ಬೀಳಬೇಕಿತ್ತು ಅಂತ ಕೇಳೋದು ನ್ಯಾಯವಾ? ಇದೇ ಬಿಹೇವಿಯರಲ್ ಸೈನ್ಸು ನನಗೆ ಮೊದಲು ಕಲಿಸಬೇಕಿದ್ದ ಪಾಠ: ಒಬ್ಬ ಮನುಷ್ಯ ತಪ್ಪಿದಾಗ ಅವನ ತಲೆಯನ್ನು ಬೈಯೋ ಮುಂಚೆ ಅವನ ಎದುರಿಗೆ ಏನಿಟ್ಟಿದ್ದಾರೆ ನೋಡು. ನಾನು ಮಾತ್ರ ಟಿಕ್ ಹಾಕೋದನ್ನ ಮೊದಲು ಕಲಿತೆ.

ಬೆಂಗಳೂರಿಗೆ ವಾಪಸ್ ಬಂದು ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಅಪ್ಪನ ನೋಟ್‌ಬುಕ್ಕಿನ ಕತೆ ಹೇಳಿದೆ. ಎಲ್ಲರೂ ತಲೆದೂಗಿದರು. "ಪಾಯಿಂಟ್ ಸರಿ ಇದೆ, ಆದ್ರೆ ಈ ಕ್ವಾರ್ಟರಲ್ಲಿ ಬೇಡ" ಅಂದರು. ಮುಂದಿನ ಕ್ವಾರ್ಟರಿನಲ್ಲೂ ಬೇಡ ಆಯಿತು. ನಾನು ಎರಡು ಸಲ ಕೇಳಿ, ಮೂರನೇ ಸಲ ಕೇಳಲಿಲ್ಲ. ಹೋಮ್ ಲೋನ್ ಇತ್ತು, ಮಗಳು ಹುಟ್ಟಿದ್ದಳು, ನೆಪಗಳಿಗೇನು ಬರ. ರಾಜೀನಾಮೆ ಎಸೆದು ಬಂದೆ ಅಂತ ಬರೆಯೋಕೆ ಚೆನ್ನಾಗಿರುತ್ತಿತ್ತು, ಆದರೆ ಹಾಗಾಗಲಿಲ್ಲ.

ಕೊನೆಗೆ ಆ ಟಿಕ್ ಹೋಗಿದ್ದು ನನ್ನಿಂದಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಡಾರ್ಕ್ ಪ್ಯಾಟರ್ನ್ ಅನ್ನೋ ಹೆಸರನ್ನು ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ 2010ರಲ್ಲೇ ಕೊಟ್ಟಿದ್ದ. ಗಿರಾಕಿ ತನಗೆ ಬೇಡದ್ದನ್ನು ಮಾಡೋ ಹಾಗೆ ಪರದೆಯನ್ನು ಜೋಡಿಸೋ ತಂತ್ರಗಳಿಗೆ ಆ ಹೆಸರು. ಮಾರ್ಗಸೂಚಿಯಲ್ಲಿ ಅಂಥ 13 ತಂತ್ರಗಳ ಪಟ್ಟಿ ಇದೆ. ಗಿರಾಕಿಯ ಒಪ್ಪಿಗೆ ಇಲ್ಲದೆ ಪಾವತಿ ಮಾಡುವಾಗ ಬುಟ್ಟಿಗೆ ಇನ್ನೊಂದು ಸಾಮಾನು ಸೇರಿಸೋದು ಅದರಲ್ಲಿ ಒಂದು, ಬಾಸ್ಕೆಟ್ ಸ್ನೀಕಿಂಗ್ ಅಂತ. ಲೀಗಲ್ ಟೀಮಿನಿಂದ ಮೇಲ್ ಬಂತು. ನಾನೇ ಕೂತು ಆ ಒಂದು ಪದವನ್ನು ಮತ್ತೆ ಮೊದಲಿನಂತೆ ಮಾಡಿದೆ. ಹತ್ತು ನಿಮಿಷದ ಕೆಲಸ. ಯಾರೂ ಕೇಕ್ ತರಿಸಲಿಲ್ಲ.

ಆ ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನಿಗೆ ಪೂರ್ತಿ ಹೇಳಿದೆ. ಎಳ್ಳುಬೆಲ್ಲ ಬಾಯಲ್ಲಿತ್ತು. ಅಪ್ಪ ಬೈಯಲಿಲ್ಲ. ಅಗಿಯೋದು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ:

"ಎಷ್ಟ್ ಜನದ್ದು ಹೋಯ್ತು?"

ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ. ಎರಡೂವರೆ ವರ್ಷ ಡ್ಯಾಶ್‌ಬೋರ್ಡಿನಲ್ಲಿ ಶೇಕಡಾ ಎಷ್ಟು ಅಂತ ನೋಡಿದ್ದೆ, ಎಷ್ಟು ಜನ ಅಂತ ಒಮ್ಮೆಯೂ ತೆಗೆದು ನೋಡಿರಲಿಲ್ಲ. ಹನ್ನೆರಡು ರೂಪಾಯಿಗೆ ಲೆಕ್ಕ ಕೇಳಿದ ಮನುಷ್ಯನ ಮುಂದೆ ಮತ್ತೆ ಹಾಸ್ಟೆಲ್ ಹುಡುಗನ ಥರ ನಿಂತಿದ್ದೆ.

"ಸರಿ ಬುಡು. ಇನ್ಮೇಲೆ ಎಣಿಸ್ಕೊಂಡ್ ಮಾಡು" ಅಂದ.

ಈಗಲೂ ನಾನು ಈ ವಿಜ್ಞಾನವನ್ನು ಬಿಟ್ಟಿಲ್ಲ. ಬಿಡೋಕೂ ಆಗಲ್ಲ, ಯಾಕೆಂದರೆ ಚೌಕ ಅಂತ ಇದ್ದಮೇಲೆ ಅದು ಖಾಲಿ ಇರಬೇಕು ಇಲ್ಲವೇ ಟಿಕ್ ಇರಬೇಕು. ಯಾರೋ ಒಬ್ಬರು ತೀರ್ಮಾನ ಮಾಡಲೇಬೇಕು. ಅದರಿಂದ ಒಳ್ಳೆಯದೂ ಆಗಿದೆ. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಂಗಡಿಗರು ಮಾಡಿದ ಪ್ರಯೋಗ ನೋಡಿ. ಯಾವ ಏರ್ಪಾಡೂ ಇಲ್ಲದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪೂರ್ತಿಯಾದ ಮಕ್ಕಳು ಶೇ. 6. ತಪ್ಪದೆ ಕ್ಯಾಂಪ್ ನಡೆಸಿದ ಕಡೆ ಶೇ. 18. ಕ್ಯಾಂಪಿನ ಜೊತೆಗೆ ಪ್ರತಿ ಸಲ ಒಂದು ಕೆ.ಜಿ. ಬೇಳೆ, ಎಲ್ಲ ಮುಗಿದ ಮೇಲೆ ತಟ್ಟೆಗಳನ್ನು ಕೊಟ್ಟ ಕಡೆ ಶೇ. 39. ಆ ತಾಯಂದಿರಿಗೆ ಬೇಳೆ ಯಾಕೆ ಕೊಡ್ತಿದ್ದಾರೆ ಅಂತ ಗೊತ್ತಿತ್ತು. ಅಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ.

ಹಾಗಂತ ಓದಿದ್ದನ್ನೆಲ್ಲ ನಂಬೋದೂ ಬಿಟ್ಟಿದ್ದೇನೆ. ಫಾರ್ಮಿನ ಕೊನೆಯಲ್ಲಿ ಬದಲು ಮೇಲ್ಗಡೆ ಸಹಿ ಹಾಕಿಸಿದರೆ ಜನ ಕಡಿಮೆ ಸುಳ್ಳು ಹೇಳ್ತಾರೆ ಅಂತ 2012ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬಂದಿತ್ತು. ಅದನ್ನು ನಂಬಿ ನಾನು ಒಂದು ಫಾರ್ಮನ್ನೇ ತಲೆಕೆಳಗು ಮಾಡಿದ್ದೆ. ಅದರ ಅಂಕಿಅಂಶವೇ ನಕಲಿ ಅಂತ ಗೊತ್ತಾಗಿ 2021ರಲ್ಲಿ ಪ್ರಬಂಧವನ್ನು ಹಿಂದಕ್ಕೆ ಪಡೆದರು. ಪ್ರಾಮಾಣಿಕತೆಯ ಮೇಲಿನ ಪ್ರಬಂಧ ಅದು! ಅವತ್ತಿನಿಂದ ಯಾವ ಉಪಾಯವನ್ನೂ ನಮ್ಮಲ್ಲಿ ಸಣ್ಣದಾಗಿ ಪರೀಕ್ಷೆ ಮಾಡಿಯೇ ಹಾಕೋದು. ಪರೀಕ್ಷೆಯ ಜೊತೆಗೆ ನನ್ನದೊಂದು ಪ್ರಶ್ನೆಯೂ ಇದೆ: ಇದನ್ನು ಹೀಗೆ ಮಾಡಿದ್ದೀನಿ, ಇದಕ್ಕೇ ಮಾಡಿದ್ದೀನಿ ಅಂತ ಬಳಸೋರ ಎದುರಿಗೆ ಕೂತು ಕನ್ನಡದಲ್ಲಿ ಹೇಳೋಕಾಗುತ್ತಾ? ಹೇಳೋಕೆ ಮುಜುಗರವಾದರೆ ಅಲ್ಲೇ ನಿಲ್ಲಿಸು.

ಅಪ್ಪನ ಬಿಪಿ ಮಾತ್ರೆ ವಿಷಯದಲ್ಲಿ ಹಾಗೇ ಮಾಡಿದೆ. ವಾರಕ್ಕೆ ಮೂರು ದಿನ ಮರೆಯುತ್ತಿದ್ದ. ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ ಹೇಳಿದ ಒಂದು ಉಪಾಯ ಇದೆ: "ಮಾತ್ರೆ ತಗೋತೀನಿ" ಅಂದುಕೊಳ್ಳೋ ಬದಲು "ಇಂಥದ್ದು ಆದ ತಕ್ಷಣ ತಗೋತೀನಿ" ಅಂದುಕೊಳ್ಳಬೇಕು. ಅಪ್ಪನಿಗೆ ಇದನ್ನು ಹೇಳಿ, ಕಾಫಿ ಲೋಟದ ಪಕ್ಕ ಇಡೋಣ ಅಂದೆ. ಅವನು ಒಪ್ಪಲಿಲ್ಲ. "ಕಾಪಿ ಒಂದೊಂದಿನ ಹೊಲದಲ್ಲೇ ಕುಡಿತೀನಿ. ಡೈರಿಯಿಂದ ಬಂದೇಟ್ಗೆ ಹಾಲ್ ಲೆಕ್ಕ ಬರೆಯೋದು ಮಾತ್ರ ಒಂದಿನಾನೂ ತಪ್ಪಲ್ಲ" ಅಂದವನೇ ಮಾತ್ರೆ ಶೀಟನ್ನು ರಬ್ಬರ್ ಬ್ಯಾಂಡಿನಿಂದ ನೋಟ್‌ಬುಕ್ಕಿಗೆ ಕಟ್ಟಿದ. ಮಾತ್ರೆ ತೆಗೆಯದೆ ಪುಸ್ತಕ ತೆರೆಯೋ ಹಾಗೇ ಇಲ್ಲ. ನಾನು ಯೋಚಿಸಿದ್ದಕ್ಕಿಂತ ಅದೇ ಚೆನ್ನಾಗಿತ್ತು.

ದೊಡ್ಡವ್ವನ ಮನೆಗೆ ಅಪ್ಪ ಆ ಯುಗಾದಿಯ ಸಂಜೆಯೇ ಹೋಗಿದ್ದ. ಫೋನ್ ತೋರಿಸಿ, ತಪ್ಪು ತನ್ನದಲ್ಲ, ಅವಳದ್ದಂತೂ ಅಲ್ಲವೇ ಅಲ್ಲ ಅಂತ ಹೇಳಿ, ಮಜ್ಜಿಗೆ ಕುಡಿದು ಬಂದ. ಮಾರನೇ ತಿಂಗಳಿಂದ ಬಿಲ್ ಕಲೆಕ್ಟರ್ ಕೆಲಸ ಮತ್ತೆ ಶುರುವಾಯಿತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಕರೆಂಟ್ ಬಿಲ್ಲು ಬಹಳ ಮನೆಗಳಿಗೆ ಸೊನ್ನೆಯಾಗಿದೆ. ಈಗ ರೀಚಾರ್ಜು, ಗ್ಯಾಸ್ ಬುಕಿಂಗ್, ಟೀವಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ಚೌಕ ನೋಡು" ಅಂತ ಬರೆದುಕೊಂಡಿದ್ದಾನೆ. ಕಾನೂನು ಬಂದಮೇಲೂ ಅಲ್ಲೊಂದು ಇಲ್ಲೊಂದು ಆಪಿನಲ್ಲಿ ಸಿಗುತ್ತಂತೆ. ಸಿಕ್ಕ ದಿನ ನನಗೆ ಫೋನ್ ಮಾಡುತ್ತಾನೆ.

ಮೊನ್ನೆಯೂ ಮಾಡಿದ್ದ. ನಾನು ಮೀಟಿಂಗಿನಲ್ಲಿದ್ದೆ, 25 ನಿಮಿಷದ್ದು. ಮುಗಿಸಿ ವಾಪಸ್ ಮಾಡಿದೆ.

"ಇವತ್ತೊಂದು ತೆಗ್ದೆ ಕಣ್ಲಾ, ಮೂರ್ ರೂಪಾಯಿದು" ಅಂದ. ಆಮೇಲೆ ಕೇಳಿದ: "ನಿಮ್ದಲ್ಲ ತಾನೆ?"

"ಅಲ್ಲಪ್ಪ" ಅಂದೆ. ಫೋನಿಟ್ಟ ಮೇಲೆ ಒಂದು ಸಲ ಕೋಡ್ ತೆಗೆದು ನೋಡಿಕೊಂಡೆ.